ಹಲ್ಲು ಬಿಟ್ಟು ನಗುವ ಜಾಹೀರಾತು

ಒದ್ದೆ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಒಂದು ಗಳಿಗೆ ಹೆಚ್ಚಿಗೆ ನಿಂತರೆ ಬರುವ ವಾಸನೆ ಇನ್‌ಸ್ಪೆಕ್ಟರಮ್ಮನಿಗೆ ಅಪ್ಪನ ವಾಸನೆ. ಅಪ್ಪ ಬೀದಿ ಬದಿಯಲ್ಲಿ ಇಸ್ತ್ರಿ ಹಾಕುತ್ತಿದ್ದರು. ಶಾಲೆಯಿಂದ ಬಂದವಳು ಅವರ ಮೇಜಿನ ಕೆಳಗೆ ಕೂತು ಓದಿಕೊಳ್ಳುವಾಗ ತಲೆಯ ಮೇಲೆ ಆ ವಾಸನೆ ಕೊಡೆಯ ಹಾಗೆ ಕವಿದಿರುತ್ತಿತ್ತು. ಆ ಮೇಜಿನ ಕೆಳಗೆ ಅವಳಿಗೆ ಯಾವ ಭಯವೂ ಇರಲಿಲ್ಲ.

ಟೈಲರನ ಮನೆಯ ಮುಂದಿನ ಕೋಣೆಗೆ ಕಾಲಿಟ್ಟಾಗ ಅದೇ ವಾಸನೆ ಮೂಗಿಗೆ ಬಡಿಯಿತು. ಆದರೆ ಇಲ್ಲಿ ಸುಟ್ಟದ್ದು ಬಟ್ಟೆಯೊಂದೇ ಅಲ್ಲ.

ಹಿಂದಿನ ಸಂಜೆ ಯಾರೋ ಟೈಲರನ ತಲೆಗೆ ಅವನದೇ ಇಸ್ತ್ರಿಪೆಟ್ಟಿಗೆಯಿಂದ ಹೊಡೆದು, ಸತ್ತನೆಂದುಕೊಂಡು ಹೋಗಿದ್ದರು. ಅವನು ಸತ್ತಿರಲಿಲ್ಲ. ಹೆಂಡತಿ ನರ್ಸಮ್ಮ ಕೆಲಸ ಮಾಡುವ ವಾರ್ಡಿನಲ್ಲೇ ಪ್ರಜ್ಞೆಯಿಲ್ಲದೆ ಮಲಗಿದ್ದ. ಅವನು ಕಣ್ಣು ಬಿಟ್ಟು ಒಂದು ಮಾತಾಡಿದರೆ ಸಾಕು, ಹೊಡೆದವರು ಯಾರೆಂದು ತಿಳಿಯುತ್ತದೆ. ಅದು ಹೊಡೆದವರಿಗೂ ಗೊತ್ತು.

ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ಹವಾಲ್ದಾರ ಊಟದ ಡಬ್ಬಿ ಮುಚ್ಚಿಟ್ಟು ಎದ್ದು ನಿಂತ. ಠಾಣೆಯಲ್ಲಿ ಎಲ್ಲರೂ ಅವನನ್ನು ಕರೆಯುವುದು ಹಸಿವಪ್ಪ ಎಂದೇ.

"ಇಲ್ಲೂ ಊಟಾನೇನಪ್ಪ?"

"ಚಿಕ್ಕಮ್ಮ ತಂದುಕೊಟ್ರು ಮೇಡಂ. ಬೇಡ ಅಂದೆ. ಕೇಳಬೇಕಲ್ಲ."

"ನೀನು ಬೇಡ ಅಂದೆ?"

"ಅಂದೆ ಮೇಡಂ. ಸ್ವಲ್ಪ ಮೆಲ್ಲಗೆ ಅಂದೆ."

ಚಿಕ್ಕಮ್ಮ ಎಂದರೆ ನರ್ಸಮ್ಮನ ತಾಯಿಯ ತಂಗಿ. ತಾಯಿ ಹೋದ ಮೇಲೆ ನರ್ಸಮ್ಮನನ್ನೂ ಅವಳ ತಮ್ಮನನ್ನೂ ಎತ್ತಾಡಿಸಿ ಬೆಳೆಸಿದವಳು. ಈಗ ಆ ತಮ್ಮನ ಮನೆಯಲ್ಲೇ ಅಡುಗೆ ಮಾಡಿ ಆಫೀಸುಗಳಿಗೆ ಡಬ್ಬಿ ಕಳಿಸುತ್ತಾಳೆ. ಹಸಿವಪ್ಪನ ಡಬ್ಬಿಗೆ ಬಿಸಿ ಆರದಂತೆ ದಪ್ಪ ಟವೆಲು ಸುತ್ತಿತ್ತು. ಮುಚ್ಚಳಕ್ಕೆ ಅಚ್ಚಾದ ಚೀಟಿ ಅಂಟಿಸಿತ್ತು: 'ಬಿಸಿ ಇರುವಾಗಲೇ ತಿನ್ನಿ.' ಊರೆಲ್ಲ ಬಾಗಿಲು ಹಾಕಿಕೊಂಡು ಹೆದರಿ ಕೂತಿರುವಾಗ ಕಾವಲಿನವನಿಗೂ ಹಸಿವಾಗುತ್ತದೆ ಎಂದು ನೆನೆದವಳು ಇವಳೊಬ್ಬಳು. ಇನ್‌ಸ್ಪೆಕ್ಟರಮ್ಮ ಅದನ್ನು ಮನಸ್ಸಿನಲ್ಲಿಟ್ಟುಕೊಂಡಳು.

ಕೋಣೆ ಹಿಂದಿನ ಸಂಜೆ ಹೇಗಿತ್ತೋ ಹಾಗೇ ಇತ್ತು. ಹೊಲಿಗೆ ಯಂತ್ರದಲ್ಲಿ ಅರ್ಧ ಹೊಲಿದ ಬಿಳಿ ಅಂಗಿ, ಅದರ ಕಾಲರಿನ ತನಕ ರಕ್ತ ಚಿಮ್ಮಿ ಒಣಗಿ ಕಂದಾಗಿತ್ತು. ಗೋಡೆಯ ಮೇಲೆ ಐದು ಬೆರಳುಗಳು ಜಾರಿಳಿದ ಗುರುತು. ಪೆಡಲಿನ ಪಕ್ಕದಲ್ಲಿ ಒಂದು ಮುರಿದ ಹಲ್ಲು.

ಟೈಲರ್ ಸುಮ್ಮನೆ ಏಟು ತಿಂದಿರಲಿಲ್ಲ. ಮೊದಲ ಏಟಿಗೆ ಕೈ ಅಡ್ಡ ಹಿಡಿದಿದ್ದ. ಇಸ್ತ್ರಿಪೆಟ್ಟಿಗೆ ಕಾದಿತ್ತು. ಅದರ ಮೂತಿಯ ಆಕಾರಕ್ಕೆ ಸರಿಯಾಗಿ ಅವನ ಅಂಗೈ ಬೆಂದುಹೋಗಿತ್ತು. ಎರಡನೆಯ ಏಟು ದವಡೆಗೆ, ಆಮೇಲಿನವೆಲ್ಲ ತಲೆಗೆ. ಅವನು ನೆಲಕ್ಕೆ ಬಿದ್ದ ಮೇಲೆ ಹೊಡೆದವರು ಮೂಲೆಯ ಮೇಜಿನ ಬಳಿ ಹೋಗಿ ಕಂಪ್ಯೂಟರಿನ ಪರದೆಯನ್ನೂ ಅದರಿಂದಲೇ ಜಜ್ಜಿದ್ದರು. ಜಜ್ಜಿದ ಪರದೆಯ ಚೂರುಗಳಿಗೂ ಟೈಲರನ ಕೂದಲು ಅಂಟಿತ್ತು.

"ಕರ್ಕೊಂಡು ಬಾ ಅವನನ್ನ," ಎಂದಳು ಇನ್‌ಸ್ಪೆಕ್ಟರಮ್ಮ.

ಬೇಡಿ ಹಾಕಿದ್ದ ಕಂಪ್ಯೂಟರ್ ರಿಪೇರಿಯವನನ್ನು ಜೀಪಿನಿಂದ ಕರೆತಂದರು. ಅವನ ಒಂದು ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಹಿಂದಿನ ಮಧ್ಯಾಹ್ನ ಅವನೂ ಟೈಲರೂ ಜೋರಾಗಿ ಜಗಳವಾಡಿದ್ದನ್ನು ಬೀದಿಯೆಲ್ಲ ಕೇಳಿತ್ತು. ಸಂಜೆ ಟೈಲರ್ ರಕ್ತದಲ್ಲಿ ಬಿದ್ದಿರುವುದು ಗೊತ್ತಾದ ಕೂಡಲೇ ಬೀದಿಯವರು ಇವನ ಅಂಗಡಿಗೆ ನುಗ್ಗಿ, ಪೊಲೀಸರು ಬರುವ ತನಕ ಕೈಗೆ ಸಿಕ್ಕಿದ್ದರಲ್ಲಿ ಬಾರಿಸಿದ್ದರು.

"ಜಗಳ ಯಾಕೆ?"

"ಆ ಹಲ್ಲಿಗಾಗಿ ಮೇಡಂ." ಒಡೆದ ತುಟಿಯನ್ನು ಒರೆಸಿಕೊಂಡ. "ಹಲ್ಲುಪುಡಿ ಜಾಹೀರಾತು. ಕಂಪ್ಯೂಟರ್ ಹಾಕಿದ್ರೆ ಸಾಕು, ಮೂಲೇಲಿ ಒಬ್ಬಳು ಹಲ್ಲು ಬಿಟ್ಟು ಹಿಹಿಹಿ ಅಂತ ನಗ್ತಾಳೆ. ತೆಗೆದೆ. ಮತ್ತೆ ಬಂತು. ತೆಗೆದೆ, ಮತ್ತೆ ಬಂತು. ನಿನಗೆ ಕೆಲಸ ಬರಲ್ಲ ಅಂದ್ರು. ನಿಮ್ಮನೇಲಿ ಯಾರೋ ಕಂಡಕಂಡಿದ್ದನ್ನ ಒತ್ತುತಾರೆ ಅಂದೆ. ಮಾತಿಗೆ ಮಾತು ಬೆಳೀತು."

"ವೈರಸ್ಸಾ?"

"ಅಷ್ಟು ದೊಡ್ಡ ಮನುಷ್ಯನಲ್ಲ ಮೇಡಂ ಅದು. ಬರೀ ಜಾಹೀರಾತು ತೋರಿಸೋ ಪೀಡೆ. ಪುಕ್ಕಟೆ ಸಿಗುತ್ತೆ ಅಂತ ಏನೋ ಇಳಿಸ್ಕೊಳ್ಳೋಕೆ ಹೋಗ್ತಾರೆ. ಪುಟದ ನಡುವೆ ದೊಡ್ಡ ಹಸಿರು ಬಟನ್ ಇರುತ್ತೆ, ಅದೇ ಸುಳ್ಳು. ನಿಜವಾದ್ದು ಮೂಲೇಲಿ ಸಣ್ಣಗೆ ಕೂತಿರುತ್ತೆ. ಆಮೇಲೆ ಮುಂದೆ, ಮುಂದೆ, ಸರಿ, ಸರಿ. ಓದೋರು ಯಾರು? ಕೇಳಿದ್ದರ ಜೊತೆಗೆ ಕೇಳದೇ ಇದ್ದದ್ದೂ ಒಳಗೆ ಬಂದು ಹಾಸಿಗೆ ಬಿಚ್ಚುತ್ತೆ."

"ನೀನು ಹೇಗೆ ತೆಗೆದೆ?"

"ತೆಗೆಯೋ ಹಾಗೇ. ಮೊದಲು ಇಂಟರ್ನೆಟ್ ವೈರ್ ಕಿತ್ತು ಪಕ್ಕಕ್ಕಿಡ್ತೀನಿ, ಅದು ನನ್ನ ಅಭ್ಯಾಸ. ಆಮೇಲೆ ಗೊತ್ತಿಲ್ಲದ ಪ್ರೋಗ್ರಾಮ್ ಕಿತ್ತೆ. ಬ್ರೌಸರ್‌ಗೆ ಅಂಟ್ಕೊಂಡಿದ್ದ ಎಕ್ಸ್‌ಟೆನ್ಷನ್ ಕಿತ್ತೆ. ಸ್ಕ್ಯಾನ್ ಮಾಡಿದೆ. ಶುದ್ಧ. ಮಾರನೇ ದಿನ ನೋಡಿದ್ರೆ ಹಿಹಿಹಿ."

ಇನ್‌ಸ್ಪೆಕ್ಟರಮ್ಮ ಒಡೆದ ಪರದೆಯನ್ನು ತೋರಿಸಿದಳು. "ಇದನ್ನ ನೀನೇ ಒಡೆದೆ ಅಂತಾರೆ ಜನ."

ಅವನು ಒಂದೇ ಕಣ್ಣಿನಲ್ಲಿ ಬಗ್ಗಿ ನೋಡಿದ. ನೋಡಿ, ನೋವಿನಲ್ಲೂ ಮೂಗಿನಲ್ಲೇ ನಕ್ಕ. "ನಾನಾ? ಕಂಪ್ಯೂಟರ್ ಸಾಯಿಸಬೇಕು ಅಂತ ಪರದೆ ಒಡೀತೀನಾ ಮೇಡಂ? ಅಡ್ರೆಸ್ ಗೊತ್ತಾಗಬಾರದು ಅಂತ ಕನ್ನಡಕ ಒಡೆದ ಹಾಗಾಯ್ತು. ಇರೋದೆಲ್ಲ ಇದರೊಳಗೆ."

ಅವನು ಮೇಜಿನ ಕೆಳಗೆ ಕೈ ತೋರಿಸಿದ. ಕಪ್ಪು ಪೆಟ್ಟಿಗೆಯೊಂದು ಧೂಳಿನ ನಡುವೆ ಹಿಂದಿನ ಸಂಜೆಯಿಂದಲೂ ಸಣ್ಣಗೆ ಗುಂಯ್ಗುಡುತ್ತಿತ್ತು. ಅದನ್ನು ಯಾರೂ ಮುಟ್ಟಿರಲಿಲ್ಲ.

ಇನ್‌ಸ್ಪೆಕ್ಟರಮ್ಮ ಅವನ ಬೇಡಿ ಬಿಚ್ಚಿದಳು. ಅವಳಿಗೆ ಬೇಕಿದ್ದದ್ದು ಅದೇ ಉತ್ತರ. ಹೊಡೆದವರಿಗೆ ಪರದೆಯೇ ಕಂಪ್ಯೂಟರು.

ಹಸಿವಪ್ಪ ಠಾಣೆಯಿಂದ ಬೇರೆ ಪರದೆ ತಂದ. ರಿಪೇರಿಯವನು ಅಭ್ಯಾಸದಂತೆ ಮೊದಲು ಇಂಟರ್ನೆಟ್ ವೈರ್ ಕಿತ್ತು ಮೇಜಿನ ಕಾಲಿಗೆ ಸುತ್ತಿದ. ಆಮೇಲೆ ಪರದೆ ಜೋಡಿಸಿದ. ಬೆಳಕು ಮೂಡಿತು. ಏಟು ಬೀಳುವ ಮೊದಲು ಟೈಲರ್ ಕೊನೆಯದಾಗಿ ನೋಡುತ್ತಿದ್ದ ಪುಟ ಹಾಗೇ ಇತ್ತು. ಬಲಗಡೆಯ ಮೂಲೆಯಲ್ಲಿ ಆ ಹೆಂಗಸು ಬಿಳಿ ಹಲ್ಲು ಬಿಟ್ಟುಕೊಂಡು ನಿಂತುಹೋಗಿದ್ದಳು. ಕೆಳಗೆ ನೆಲದ ಮೇಲೆ ಟೈಲರನ ಹಲ್ಲು.

ಪುಟದಲ್ಲಿದ್ದದ್ದು ಈ ಕಂಪ್ಯೂಟರಿನಲ್ಲಿ ಹಿಂದೆ ಹುಡುಕಿದ ಸಂಗತಿಗಳ ಸಾಲು. ಟೈಲರ್ 'ಮಾತ್ರೆ' ಎಂದು ಬರೆದು, ಆ ಮಾತಿದ್ದವನ್ನು ಮಾತ್ರ ಹೊರತೆಗೆದಿದ್ದ.

'ಹೃದಯದ ಮಾತ್ರೆ ಹೆಚ್ಚಾದರೆ ಏನಾಗುತ್ತದೆ.' 'ಮುದುಕರಿಗೆ ಮಾತ್ರೆ ಹೆಚ್ಚಾಗಿದ್ದು ಡಾಕ್ಟರಿಗೆ ತಿಳಿಯುತ್ತದೆಯೇ.'

"ಇವನ್ನ ಟೈಲರ್ ಹುಡುಕಿಲ್ಲ," ಎಂದ ರಿಪೇರಿಯವನು. ಪರದೆಯ ಮೇಲ್ತುದಿಯ ಸಣ್ಣ ವೃತ್ತವನ್ನು ತೋರಿಸಿದ. ಅದರೊಳಗೆ ಒಂದು ಹಳದಿ ಬೆಕ್ಕಿನ ಚಿತ್ರ, ಕಿವಿಯ ತುದಿ ಹರಿದಿತ್ತು. "ಥೂ, ನನ್ನ ಕಣ್ಣಿಗೆ ಮಣ್ಣು ಹಾಕ. ಇಷ್ಟು ದಿನ ಇದನ್ನ ನೋಡೇ ಇಲ್ಲ ನಾನು. ಯಾರೋ ಇಲ್ಲಿಗೆ ಬಂದು ಅವರ ಖಾತೆ ತೆರೆದಿದ್ದಾರೆ ಮೇಡಂ. ಎರಡೂ ಕಡೆ ಒಂದೇ ಥರ ಇರಲಾ ಅಂತ ಬ್ರೌಸರ್ ಕೇಳಿದ್ದಕ್ಕೆ ಹೂಂ ಅಂದಿದ್ದಾರೆ. ಮುಚ್ಚದೇ ಹೋಗಿದ್ದಾರೆ."

"ಅಂದ್ರೆ?"

"ಅವರ ಮನೆ ಕಂಪ್ಯೂಟರ್‌ನಲ್ಲಿ ಏನಿದೆಯೋ ಅದು ಇಲ್ಲಿಗೂ ಬರುತ್ತೆ. ಪೀಡೆಯ ಬೇರು ಅಲ್ಲಿದೆ. ನಾನು ಇಲ್ಲಿ ಎಲೆ ಕೀಳ್ತಾ ಕೂತಿದ್ದೆ. ನಾನು ತೆಗೆದ ಹಾಗೆಲ್ಲ ಅಲ್ಲಿನ ಪ್ರೋಗ್ರಾಮು ಅದನ್ನ ಮತ್ತೆ ಹಾಕ್ತಿತ್ತು." ಅವನು ಕೆಳಗಿನ ಸಾಲುಗಳಿಗೆ ಬೆರಳಿಟ್ಟ. "ಜಾಹೀರಾತಿನ ಜೊತೆ ಅವರು ಹುಡುಕಿದ್ದೂ ಬಂದಿದೆ. ಟೈಲರ್ ಹಲ್ಲು ತೆಗೆಯೋಕೆ ಹೋಗಿ ಇದನ್ನ ನೋಡಿದ್ದಾರೆ."

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಚಿಕ್ಕಮ್ಮ ಖಾಲಿ ಡಬ್ಬಿಗೆ ಬಂದಿದ್ದಳು. ಐವತ್ತು ದಾಟದ, ದೊಡ್ಡ ಪಾತ್ರೆಗಳನ್ನು ಎತ್ತಿ ಗಟ್ಟಿಯಾದ ತೋಳಿನ ಹೆಂಗಸು. ಮುಂಗೈಗೆ ಬಟ್ಟೆ ಸುತ್ತಿತ್ತು.

"ಸುಟ್ಟುಕೊಂಡ್ರಾ?" ಎಂದಳು ಇನ್‌ಸ್ಪೆಕ್ಟರಮ್ಮ.

"ಒಲೆ ಮುಂದೆ ನಿಲ್ಲೋರಿಗೆ ಇದ್ದದ್ದೇ ಬಿಡಿ." ಚಿಕ್ಕಮ್ಮ ಗೋಡೆಯ ರಕ್ತ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ಕಣ್ಣು ಪರದೆಯ ಬೆನ್ನಿನ ಕಡೆ ಹೋಯಿತು. "ಹೊಸದು ತಂದ್ರಾ?"

"ಹೋಗಿದ್ದು ಪರದೆ ಅಷ್ಟೇ ಅಮ್ಮ," ಎಂದ ರಿಪೇರಿಯವನು. "ಒಳಗಿರೋದೆಲ್ಲ ಹಾಗೇ ಇದೆ."

ಅವಳು ಮೇಜಿನ ಕೆಳಗಿನ ಕಪ್ಪು ಪೆಟ್ಟಿಗೆಯನ್ನು ಸ್ವಲ್ಪ ಹೊತ್ತು ನೋಡಿದಳು. "ಹೌದಾ? ನನಗೆ ಇದೆಲ್ಲ ತಿಳಿಯಲ್ಲಪ್ಪ."

ಇನ್‌ಸ್ಪೆಕ್ಟರಮ್ಮನ ಫೋನು ಬಡಿದುಕೊಂಡಿತು. ಆಸ್ಪತ್ರೆಯಿಂದ. ಕೇಳಿಸಿಕೊಂಡು ಅವಳ ಮುಖ ಸಡಿಲವಾಯಿತು. "ಚಿಕ್ಕಮ್ಮ, ನಿಮ್ಮಳಿಯ ಕಣ್ಣು ಬಿಟ್ಟರಂತೆ. ದವಡೆಗೆ ಪಟ್ಟಿ ಇದೆ, ಮಾತಾಡೋಕೆ ಇನ್ನೂ ಆಗ್ತಿಲ್ಲ. ಸಂಜೆಯೊಳಗೆ ಬರೆದಾದರೂ ತಿಳಿಸಬಹುದು ಅಂದ್ರು ಡಾಕ್ಟರು."

ಆ ಸಂತೋಷವನ್ನು ಹೆತ್ತ ತಾಯಿಯಂತಿರುವವಳಿಗೆ ಹೇಳದಿರಲು ಅವಳಿಂದ ಆಗಲಿಲ್ಲ.

"ದೇವರು ದೊಡ್ಡೋನು," ಎಂದಳು ಚಿಕ್ಕಮ್ಮ. ಕಣ್ಣಲ್ಲಿ ನೀರು ತುಂಬಿತು. "ಹೋಗಿ ತೆಳ್ಳಗೆ ಗಂಜಿ ಮಾಡ್ತೀನಿ. ನಮ್ಮ ಹುಡುಗಿ ಕೂಡ ನಿನ್ನೆಯಿಂದ ಒಂದು ತುತ್ತು ಮುಟ್ಟಿಲ್ಲ." ಹಸಿವಪ್ಪನ ಡಬ್ಬಿ ಎತ್ತಿಕೊಂಡು ಹೋದಳು.

ಇನ್‌ಸ್ಪೆಕ್ಟರಮ್ಮನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ನರ್ಸಮ್ಮನ ಅಪ್ಪ ಹೃದಯ ನಿಂತು ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಅವರು ಕೊನೆಯ ತನಕ ಇದ್ದದ್ದು ಮಗನ ಮನೆಯಲ್ಲಿ. ಆ ಮಗ, ಊರಿನವರು ಫೋಟೋ ಭಾವಮೈದ ಎನ್ನುವವನು, ಹೋದ ವಾರವಷ್ಟೇ ನಡುಬೀದಿಯಲ್ಲಿ ಟೈಲರನ ಕೆನ್ನೆಗೆ ಹೊಡೆದು, ಇನ್ನೊಂದು ಸಲ ಬಾಯಿಬಿಟ್ಟರೆ ತಲೆ ಒಡೆಯುತ್ತೇನೆ ಎಂದಿದ್ದ.

ಪರದೆಯ ಸಾಲುಗಳನ್ನೆಲ್ಲ ಬರೆದುಕೊಂಡು ಮುಗಿಸುವಷ್ಟರಲ್ಲಿ ಒಂದು ಗಂಟೆ ಕಳೆಯಿತು. "ಬಾ," ಎಂದಳು ರಿಪೇರಿಯವನಿಗೆ. "ಬೆಕ್ಕು ಹುಡುಕೋಣ."

ಫೋಟೋ ಸ್ಟುಡಿಯೋ ಮುಂದೆ, ಮನೆ ಹಿಂದೆ. ಗಾಜಿನ ಬಾಗಿಲು ತಳ್ಳಿ ಇನ್‌ಸ್ಪೆಕ್ಟರಮ್ಮ ಒಳಗೆ ಬಂದಾಗ ಭಾವಮೈದ ಯಾವುದೋ ಮಗುವಿನ ಚಿತ್ರಕ್ಕೆ ಚೌಕಟ್ಟು ಹಾಕುತ್ತಿದ್ದ. ತಲೆ ಎತ್ತಿದ. ಅವಳ ಹಿಂದೆ ನಿಂತಿದ್ದವನನ್ನು ಕಂಡ.

ಮೂಲೆಯಲ್ಲಿದ್ದ ಕ್ಯಾಮೆರಾ ಸ್ಟ್ಯಾಂಡನ್ನು ಎರಡು ಕೈಯಲ್ಲಿ ಎತ್ತಿ ಬೀಸಿದ.

ಕಬ್ಬಿಣದ ಕಾಲು ರಿಪೇರಿಯವನ ಹೆಗಲಿಗೆ ಬಿತ್ತು. ಒಣ ಕಡ್ಡಿ ಮುರಿದ ಸದ್ದಾಯಿತು. ಅವನು ಮೊಣಕಾಲೂರಿ ಕುಸಿದ. ಎರಡನೆಯ ಏಟಿಗೆ ಇನ್‌ಸ್ಪೆಕ್ಟರಮ್ಮ ಅಡ್ಡ ಬಂದಳು. ಅದು ಅವಳ ಮಣಿಕಟ್ಟಿಗೆ ಬಡಿದು, ಕೈಯಲ್ಲಿದ್ದ ಫೋನು ಗೋಡೆಗೆ ಹಾರಿ ಚೂರಾಯಿತು.

"ನಮ್ಮ ಭಾವನ್ನ ಹೊಡೆದೋನನ್ನ ಜೊತೇಲಿ ಮೆರವಣಿಗೆ ಮಾಡಿಸ್ತೀರಾ?" ಅವನು ಹಲ್ಲು ಕಚ್ಚಿ ಮತ್ತೆ ಎತ್ತಿದ. "ಸರೀರಿ ಆಚೆ. ಇವನ ತಲೆ ನೆಲಕ್ಕೆ ಹಚ್ಚಿಬಿಡ್ತೀನಿ."

ಅವಳು ಸರಿಯಲಿಲ್ಲ, ಅವನ ಮೇಲೇ ನುಗ್ಗಿದಳು. ಮಂಡಿಯ ಹಿಂಬದಿಗೆ ಒದ್ದಳು. ಅವನು ಬಾಗಿದ ಕೂಡಲೇ ಕುತ್ತಿಗೆ ಹಿಡಿದು ಮೇಜಿಗೆ ಒತ್ತಿದಳು. ಮಗುವಿನ ಚಿತ್ರದ ಗಾಜು ಅವನ ಕೆನ್ನೆಯ ಕೆಳಗೆ ಪುಡಿಯಾಯಿತು. ಅವನು ಹಿಂದಕ್ಕೆ ಮೊಣಕೈ ತಿವಿದ. ಅದು ಪಕ್ಕೆಗೆ ಬಡಿದು ಅವಳ ಉಸಿರೇ ಹೊರಟುಹೋಯಿತು. ಆದರೂ ಹಿಡಿದ ತೋಳನ್ನು ಬೆನ್ನ ಮೇಲಕ್ಕೆ ತಿರುಗಿಸಿದಳು, ಅವನು ನರಳುವ ತನಕ.

"ಬೀದಿಯವರು ಹೇಳಿದ್ದು ಕೇಳಿ ಹೊಡೀತೀಯಲ್ಲ," ಎಂದಳು, ಉಸಿರು ಸಿಕ್ಕಿದ ಮೇಲೆ. "ನಾನು ಹೇಳೋದನ್ನೂ ಒಂಚೂರು ಕೇಳು. ಹೊಡೆದವನು ಇವನಲ್ಲ. ಹೋದ ವಾರ ನಿನ್ನ ಭಾವ ನಿನ್ನನ್ನ ಏನು ಕೇಳಿದ್ರು?"

ಗಾಜಿನ ಮೇಲೆ ರಕ್ತ ಹನಿಯುತ್ತಿತ್ತು. ಅವನು ತೋಳು ಬಿಡಿಸಿಕೊಳ್ಳಲು ನೋಡಿದ.

"ಕೇಳ್ತಿದ್ದೀನಿ."

"ಅಪ್ಪನ ಮಾತ್ರೆ ಯಾರ ಕೈಲಿರ್ತಿತ್ತು ಅಂತ. ಸತ್ತೋರನ್ನ ಕೆದಕಬೇಡ ಭಾವ ಅಂದೆ. ಮತ್ತೆ ಕೇಳಿದ್ರು. ನಾವೇ ಅಪ್ಪನ್ನ ಕೊಂದ ಹಾಗೆ ಕೇಳಿದ್ರು. ಹೊಡೆದೆ. ಹೌದು, ಒಂದೇಟು ಹೊಡೆದೆ. ಅದಕ್ಕೆ ನಿನ್ನೆಯಿಂದ ನನ್ನ ಕೈ ನಾನೇ ಕಡಿದುಕೊಳ್ಳೋಣ ಅನಿಸ್ತಿದೆ."

ಇನ್‌ಸ್ಪೆಕ್ಟರಮ್ಮ ಹಿಡಿತ ಸಡಿಲಿಸಿದಳು. ನೆಲದಲ್ಲಿದ್ದ ರಿಪೇರಿಯವನು ಹೆಗಲು ಹಿಡಿದುಕೊಂಡೇ ಸ್ಟುಡಿಯೋದ ಕಂಪ್ಯೂಟರಿನ ತನಕ ತೆವಳಿದ. ಒಂದು ಕೈಯಲ್ಲಿ ನೋಡಿದ. "ಇದು ಶುದ್ಧವಾಗಿದೆ ಮೇಡಂ. ಬೇಡದ್ದು ಒಂದೂ ಇಲ್ಲ. ಹೊರಗಿನವರ ಖಾತೆಯೂ ಇಲ್ಲ."

"ಗಿರಾಕಿಗಳ ಫೋಟೋ ಇರೋ ಕಂಪ್ಯೂಟರು," ಎಂದ ಭಾವಮೈದ ಕೆನ್ನೆಯಿಂದ ಗಾಜು ಕೀಳುತ್ತ. "ಕಂಡಿದ್ದೆಲ್ಲ ಇಳಿಸ್ತೀನಾ? ಯಾರನ್ನೂ ಮುಟ್ಟೋಕೂ ಬಿಡಲ್ಲ."

ಆಗ ಮನೆಯ ಒಳಗಿನಿಂದ ಒಬ್ಬ ಹೆಂಗಸು ನಕ್ಕಳು.

ಹಿಹಿಹಿ.

ರಿಪೇರಿಯವನು ಒಳಬಾಗಿಲ ಕಡೆ ತಿರುಗಿದ. "ಅದೇ."

ಅಡುಗೆಮನೆಗೆ ಹೋಗುವ ಓಣಿಯಲ್ಲಿ ಹಳೆಯ ಕಂಪ್ಯೂಟರು. ಕೀಲಿಮಣೆಯ ಮೇಲೆ ಹಿಟ್ಟಿನ ಬೆರಳ ಗುರುತು. ಪಕ್ಕದಲ್ಲಿ ಡಬ್ಬಿಗೆ ಅಂಟಿಸುವ ಚೀಟಿಗಳ ಕಟ್ಟು: ಬಿಸಿ ಇರುವಾಗಲೇ ತಿನ್ನಿ. ಕುರ್ಚಿಯ ಮೆತ್ತೆಯ ಮೇಲೆ ಹಳದಿ ಬೆಕ್ಕೊಂದು ಮಲಗಿತ್ತು. ಕಿವಿಯ ತುದಿ ಹರಿದಿತ್ತು.

"ಇದು ಯಾರದ್ದು?" ಕೇಳುವಾಗಲೇ ಅವಳಿಗೆ ಉತ್ತರ ಗೊತ್ತಿತ್ತು.

"ಚಿಕ್ಕಮ್ಮಂದು. ಅಡುಗೆ ನೋಡ್ಕೊಳ್ಳೋಕೆ. ಸ್ಟುಡಿಯೋ ಪ್ರಿಂಟರ್ ಫೋಟೋಗೆ ಮಾತ್ರ, ಚೀಟಿ ಭಾವನ ಮನೇಲಿ ತೆಗೆಸ್ಕೊಂಡು ಬರ್ತಾಳೆ." ಅವನು ಪರದೆಯ ಮೇಲಿನ ವೃತ್ತವನ್ನೂ ಕುರ್ಚಿಯ ಬೆಕ್ಕನ್ನೂ ನೋಡಿದ. "ಯಾಕೆ?"

"ನಿನ್ನ ಅಪ್ಪನ ಮಾತ್ರೆ ಯಾರ ಕೈಲಿರ್ತಿತ್ತು?"

"ಚಿಕ್ಕಮ್ಮನ ಕೈಲೇ," ಎಂದ. ಗೋಡೆ ಹಿಡಿದು ಕೂತುಬಿಟ್ಟ.

ರಿಪೇರಿಯವನು ಹುಡುಕಿದ ಸಾಲುಗಳನ್ನು ತೆರೆದ. ಎಲ್ಲಕ್ಕಿಂತ ಮೇಲೆ ಎರಡು ಹೊಸ ಸಾಲುಗಳಿದ್ದವು. ಅವು ಟೈಲರನ ಪರದೆಯಲ್ಲಿ ಇರಲಿಲ್ಲ. ಇರುವುದೂ ಸಾಧ್ಯವಿರಲಿಲ್ಲ. ಆ ಹೊತ್ತಿಗೆ ಅವನು ಅಲ್ಲಿನ ವೈರು ಕಿತ್ತು ಮೇಜಿನ ಕಾಲಿಗೆ ಸುತ್ತಿದ್ದ.

'ಪ್ರಜ್ಞೆ ಬಂದ ರೋಗಿಗೆ ಮೊದಲು ಏನು ಕುಡಿಸಬಹುದು.'

'ಗಂಜಿಯಲ್ಲಿ ಮಾತ್ರೆ ಪುಡಿ ಮಾಡಿ ಹಾಕಿದರೆ ಕಹಿ ತಿಳಿಯುತ್ತದೆಯೇ.'

ಒಲೆ ಆರಿತ್ತು. ಪಾತ್ರೆ ಇನ್ನೂ ಬೆಚ್ಚಗಿತ್ತು. ಕಲ್ಲಿನ ಮೇಲೆ ಕುಟ್ಟಾಣಿ ತೊಳೆದು ಬೋರಲು ಹಾಕಿತ್ತು.

"ನಿನ್ನ ಫೋನು," ಎಂದಳು ಇನ್‌ಸ್ಪೆಕ್ಟರಮ್ಮ. "ಅಕ್ಕನಿಗೆ ಮಾಡು. ಬೇಗ."

ಅವನ ರಕ್ತದ ಬೆರಳು ಗಾಜಿನ ಮೇಲೆ ಜಾರಿತು. ಒರೆಸಿಕೊಂಡು ಮತ್ತೆ ಒತ್ತಿದ. "ರಿಂಗ್ ಆಗ್ತಿದೆ. ಎತ್ತು ಅಕ್ಕ. ಎತ್ತೇ."

ಇನ್‌ಸ್ಪೆಕ್ಟರಮ್ಮ ಆಗಲೇ ಬಾಗಿಲು ದಾಟಿ ಜೀಪಿನತ್ತ ಓಡುತ್ತಿದ್ದಳು.

ವಾರ್ಡಿನಲ್ಲಿ ಯಾರೂ ಫೋನು ಇಟ್ಟುಕೊಳ್ಳುವ ಹಾಗಿಲ್ಲ. ಬೇರೆ ನರ್ಸುಗಳು ಜೇಬಿನಲ್ಲಿ ಅಡಗಿಸುತ್ತಾರೆ. ನರ್ಸಮ್ಮ ಅಡಗಿಸುವವಳಲ್ಲ. ಗಂಡನೇ ಅಲ್ಲಿ ಮಲಗಿದ್ದರೂ ಅವಳ ಫೋನು ಮೇಜಿನ ಖಾನೆಯೊಳಗೆ, ಹತ್ತಿಯ ಉಂಡೆಗಳ ಮೇಲೆ ಸದ್ದಿಲ್ಲದೆ ನಡುಗುತ್ತಿತ್ತು.

ಟೈಲರ್ ಕಣ್ಣು ತೆರೆದು ಮಲಗಿದ್ದ. ಬೆಂದ ಅಂಗೈಗೆ ದಪ್ಪ ಪಟ್ಟಿ. ಹೆಂಡತಿ ಅವನ ಇನ್ನೊಂದು ಕೈಯ ಉಗುರುಗಳಲ್ಲಿ ಒಣಗಿದ್ದ ರಕ್ತವನ್ನು ಒದ್ದೆ ಬಟ್ಟೆಯಿಂದ, ನೋಯದಂತೆ ಒಂದೊಂದಾಗಿ ಒರೆಸುತ್ತಿದ್ದಳು.

ಬಾಗಿಲ ಕಾವಲಿನ ಪೇದೆ ಎದ್ದು ದಾರಿ ಬಿಟ್ಟ. ಅವನ ಕೈಗೂ ಒಂದು ಡಬ್ಬಿ ಬಂದಿತ್ತು.

ಟೈಲರನ ಕಣ್ಣು ಬಾಗಿಲತ್ತ ಹೊರಳಿತು. ಅಲ್ಲೇ ನಿಂತಿತು. ಅವನ ಬೆರಳುಗಳು ಹೆಂಡತಿಯ ಮಣಿಕಟ್ಟನ್ನು ಹಿಡಿದು ಅದುಮಿದವು.

"ಏನೂ ಇಲ್ಲರೀ, ನಾನಿಲ್ಲೇ ಇದ್ದೀನಿ," ಎಂದಳು ಅವಳು. ನೋವಿಗೆ ಹಾಗೆ ಮಾಡುತ್ತಾನೆ ಎಂದುಕೊಂಡಳು.

ಚಿಕ್ಕಮ್ಮ ಚಪ್ಪಲಿ ಹೊರಗೇ ಬಿಟ್ಟು, ಪಕ್ಕದ ಹಾಸಿಗೆಯವರ ನಿದ್ದೆ ಕೆಡದಂತೆ ಹೆಜ್ಜೆಯಿಡುತ್ತ ಬಂದಳು. ಟವೆಲಿನ ಗಂಟು ಬಿಚ್ಚಿದಳು. ಚಮಚವನ್ನು ಸೆರಗಿನ ತುದಿಯಲ್ಲಿ ಒರೆಸಿದಳು.

"ಮೇಲಿನದು ನಿನಗೆ ಮಗಳೇ. ಕೆಳಗಿನದು ಅವನಿಗೆ," ಎಂದು ಮೆಲ್ಲಗೆ ಹೇಳಿ, ಎರಡು ಅಂತಸ್ತಿನ ಬಿಸಿ ಡಬ್ಬಿಯನ್ನು ನರ್ಸಮ್ಮನ ಎರಡೂ ಕೈಗಳಲ್ಲಿ ಇಟ್ಟಳು.